ಬಿಡುವಿನ ವೇಳೆ: ಪುಟ್ಟ ಕಾರಿನ ಪರಿಭಾಷೆ

ಕಳೆದ ಸಲ ಈ ಅಂಕಣದಲ್ಲಿ ಗ್ಯಾಲರಿಯ ಕುಂಡದಲ್ಲಿ ಕೊತ್ತಂಬರಿ ಬೆಳೆಯುವ ಮಾತು ಬಂದಿತ್ತು. ಈ ಸಲ ಕಾರು ಕಟ್ಟುವ ಮಾತು. ವಾಚಕರು ಗಾಬರಿಯಾಗಬಾರದು. ಗುಮಾಸ್ತನ ಸಂಬಳದಲ್ಲಿ ಕಾರು ಎಲ್ಲಿಂದ ಬಂತೆಂದು ಲೆಕ್ಕ ಹಾಕುವ ಶ್ರಮವೂ ಬೇಡ. ನಾನು ಹೇಳುವ ಕಾರಿನ ಉದ್ದ ಹದಿನೇಳು ಸೆಂಟಿಮೀಟರು.

ಮಗನಿಗೆ ಹತ್ತು ತುಂಬಿದ ದಿನ ಅವನ ಸೋದರಮಾವ ಪುಣೆಯಿಂದ ಒಂದು ಪೆಟ್ಟಿಗೆ ತಂದುಕೊಟ್ಟ. ಜಪಾನಿನ ತಮಿಯಾ ಕಂಪನಿಯದು. ೧೯೬೬ರ ಫೋಕ್ಸ್‌ವ್ಯಾಗನ್ ಬೀಟಲ್. ಇಂಥ ಪೆಟ್ಟಿಗೆಗೆ ಕಿಟ್ ಎನ್ನುತ್ತಾರೆ. ಒಳಗೆ ಕಾರು ಇರುವುದಿಲ್ಲ, ಕಾರಿನ ಬಿಡಿಭಾಗಗಳಿರುತ್ತವೆ. ಮುಚ್ಚಳದ ಮೇಲೆ ೧/೨೪ ಎಂದು ಬರೆದಿತ್ತು. ಅದು ಸ್ಕೇಲು, ಅಂದರೆ ಪ್ರಮಾಣ. ನಿಜವಾದ ಕಾರಿನ ೨೪ ಅಂಗುಲ ಇಲ್ಲಿ ಒಂದು ಅಂಗುಲ. ಅಡಿಗೆ ಅರ್ಧ ಅಂಗುಲದ ಲೆಕ್ಕ. ಅಮೆರಿಕದ ಎ.ಎಂ.ಟಿ.ಯಂಥ ಹಳೆಯ ಕಂಪನಿಗಳದು ಹೆಚ್ಚಾಗಿ ೧/೨೫. ಇನ್ನು ೧/೪೩ ಎಂದರೆ ಬೆಂಕಿಪೊಟ್ಟಣದ ಜಾತಿಗೆ ಹತ್ತಿರ. ನಮ್ಮ ಕಚೇರಿಯ ಹಿರಿತನದ ಪಟ್ಟಿಯ ಹಾಗೆ, ಸಂಖ್ಯೆ ಹೆಚ್ಚಿದಷ್ಟೂ ಆಸಾಮಿ ಚಿಕ್ಕವನು.

ಪೆಟ್ಟಿಗೆ ತೆರೆದರೆ ಭಾಗಗಳೆಲ್ಲ ಪ್ಲಾಸ್ಟಿಕ್ಕಿನ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು, ಬಳ್ಳಿಯಲ್ಲಿ ಕಾಯಿ ಬಿಟ್ಟಂತೆ ಕಾಣುತ್ತವೆ. ಈ ಬಳ್ಳಿಗೆ ಸ್ಪ್ರೂ ಎಂದು ಹೆಸರು. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಹರಿದು ಬಂದ ಕಾಲುವೆಯೇ ತಣ್ಣಗಾಗಿ ಹೀಗೆ ಉಳಿದಿರುತ್ತದೆ. ಭಾಗವನ್ನು ಕೈಯಿಂದ ತಿರುಚಿ ಕೀಳಬಾರದು; ಸಣ್ಣ ಇಕ್ಕಳದಿಂದ ಕತ್ತರಿಸಿ, ಉಳಿದ ಮೊಳೆಯನ್ನು ಮರಳು ಕಾಗದದಿಂದ ತಿಕ್ಕಬೇಕು. ಅಂಟು ಹಚ್ಚುವುದಕ್ಕೆ ಮುಂಚೆ ಒಂದಕ್ಕೊಂದು ಕೂಡುತ್ತವೆಯೇ ಎಂದು ಬರಿದೆ ಜೋಡಿಸಿ ನೋಡುವುದು ಡ್ರೈ ಫಿಟ್. ಹುಡುಗ ಇದನ್ನೆಲ್ಲ ತಾಳ್ಮೆಯಿಂದ ಮಾಡಿದ. ತಾಳ್ಮೆ ಇಲ್ಲದವನು ನಾನು.

ಅಂಟಿನಲ್ಲಿ ಮೂರು ಬಗೆ ಎಂಬುದು ನನಗೆ ತಡವಾಗಿ ತಿಳಿಯಿತು. ಸಿಮೆಂಟು ಎಂಬುದು ನಿಜವಾಗಿ ಅಂಟೇ ಅಲ್ಲ. ಪಾಲಿಸ್ಟೈರೀನನ್ನು ತುಸು ಕರಗಿಸಿ ಎರಡು ಭಾಗಗಳನ್ನು ಒಂದೇ ಮಾಡುವ ದ್ರವ. ಎರಡನೆಯದು ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ. ಮೂರನೆಯದು ಮಕ್ಕಳು ಶಾಲೆಗೆ ಒಯ್ಯುವ ಬಿಳಿ ಅಂಟು. ಗಾಜಿನ ಭಾಗಗಳಿಗೆ ಈ ಮೂರನೆಯದೇ ಸರಿ. ನಾನೋ, ಜುಲೈ ತಿಂಗಳ ಒಂದು ರಾತ್ರಿ, ಮಗ ಮಲಗಿದ ಮೇಲೆ, ಬೆಳಿಗ್ಗೆ ಅವನನ್ನು ಸಂತೋಷಪಡಿಸಬೇಕೆಂದು ಮುಂದಿನ ಗಾಜನ್ನು ಸೂಪರ್ ಗ್ಲೂನಿಂದ ಕೂಡಿಸಿಬಿಟ್ಟೆ. ಅದರ ಆವಿ ಗಾಳಿಯ ತೇವಕ್ಕೆ ಗಟ್ಟಿಯಾಗಿ ಗಾಜಿನ ಮೇಲೆ ಬಿಳಿಯ ಮಂಜಾಗಿ ಕೂರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ತೇವಕ್ಕೆ ಬರವೇ? ಬೆಳಿಗ್ಗೆ ನೋಡಿದರೆ ಗಾಜಿಗೆ ಕಣ್ಣಪೊರೆ ಬಂದಂತಿತ್ತು. ಅಂಟು ಮೆತ್ತಿ ಕೆಡಿಸಿದ ಮಾದರಿಗೆ ಈ ಮಂದಿ ಗ್ಲೂ ಬಾಂಬ್ ಎನ್ನುತ್ತಾರೆ. ಮಗ ಏನೂ ಅನ್ನಲಿಲ್ಲ. "ರೆಹನೇ ದೋ" ಎಂದು ಹಿಂದಿಯಲ್ಲಿ ಗೊಣಗಿ ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದ. ನಮ್ಮ ಮನೆಯಲ್ಲಿ ಸಿಟ್ಟಿನ ಭಾಷೆ ಹಿಂದಿ. ಹತ್ತು ದಿನ ನನ್ನೊಡನೆ ಅದನ್ನೇ ಆಡಿದ.

ತಪ್ಪಿಗೆ ತಪ್ಪುಕಾಣಿಕೆಯೆಂದು ನಾನು ಹಳೆಯದೊಂದು ಕಿಟ್ಟನ್ನು ಅಗ್ಗಕ್ಕೆ ತಂದೆ. ಅದರ ಅಚ್ಚು ಸವೆದಿತ್ತು. ಭಾಗಗಳ ಅಂಚಿಗೆಲ್ಲ ತೆಳುವಾದ ಪ್ಲಾಸ್ಟಿಕ್ ಪೊರೆ. ಇದಕ್ಕೆ ಫ್ಲ್ಯಾಶ್ ಎನ್ನುತ್ತಾರೆಂದು ಪುಸ್ತಕ ನೋಡಿ ಓದುತ್ತಿದ್ದಾಗ, ಒಳಗಿನಿಂದ ನಮ್ಮಾಕೆ ಇಣುಕಿ, "ಪಡ್ಡಿನ ಹಿಟ್ಟು ಕುಳಿ ಮೀರಿದರ ಸುತ್ತಲೂ ಗರಿ ಬರ್ತದಲ್ಲ, ಅದs ಇದು" ಎಂದಳು. ಹುಡುಗ ತಲೆಯೆತ್ತಿದ. "ಅಪ್ಪಾ, ಇದಕ್ಕ ಗರಿ ಅನ್ನೋಣ?" ಎಂದ. ಹತ್ತು ದಿನಗಳ ಮೇಲೆ ಬಂದ ಕನ್ನಡ! ನಾನು ಕೂಡಲೇ ಒಪ್ಪಿದೆ. ದಪ್ಪ ಭಾಗ ಆರುವಾಗ ಮೇಲ್ಮೈ ಕುಸಿದು ಆಗುವ ಸಿಂಕ್ ಮಾರ್ಕಿಗೆ ಅವನೇ "ತಗ್ಗು" ಎಂದು ಹೆಸರಿಟ್ಟ. ಅದನ್ನು ಪುಟ್ಟಿಯಿಂದ ತುಂಬಿ ತಿಕ್ಕಬೇಕು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಬಣ್ಣ ಹಿಡಿಯುವಂತೆ ಮಾಡುವ ಪ್ರೈಮರು, ಮೇಲೆ ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟು. ಕಾರು ೨೪ ಪಟ್ಟು ಚಿಕ್ಕದಾದರೂ ಬಣ್ಣದ ದಪ್ಪ ಚಿಕ್ಕದಾಗುವುದಿಲ್ಲ. ಒಂದೇ ಸಲ ಬಳಿದರೆ ಬಾಗಿಲಿನ ಗೆರೆಯೇ ಮುಚ್ಚಿಹೋಗುತ್ತದೆ. ಒಣಗಿದ ಬಣ್ಣ ಕಿತ್ತಳೆ ಸಿಪ್ಪೆಯಂತೆ ತರಿತರಿಯಾದರೆ ಅದು ಆರೆಂಜ್ ಪೀಲ್. ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡಿ, ಬಣ್ಣ ಹಾಲು ಹಾಲಾಗುತ್ತದೆ. ಕಿಟಕಿ ತೆರೆದಿರಲಿ. ಮನೆಯಾಕೆಯ ಉಗುರುಬಣ್ಣ ತೆಗೆಯುವ ದ್ರವದಿಂದ ಕಾರು ಒರೆಸಲು ಹೋಗಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಡೆಕಲ್ ಎಂಬುದು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಅಂಟುಚಿತ್ರ.

ಪೆಟ್ಟಿಗೆಯಲ್ಲಿದ್ದುದನ್ನೇ ಇದ್ದಂತೆ ಕಟ್ಟಿದರೆ ಬಾಕ್ಸ್ ಸ್ಟಾಕ್. ಎಂಜಿನ್ನಿಲ್ಲದ ಮಾದರಿ ಕರ್ಬ್‌ಸೈಡ್. ರಸ್ತೆ ಬದಿಗೆ ನಿಂತ ಕಾರಿನ ಬಾನೆಟ್ ಯಾರು ತೆರೆದು ನೋಡುತ್ತಾರೆ? ಎರಡು ಮೂರು ಕಿಟ್ಟಿನ ಭಾಗ ಸೇರಿಸಿ ಹೊಸದೊಂದನ್ನು ಮಾಡುವುದು ಕಿಟ್‌ಬ್ಯಾಶ್. ಹಾಳೆ, ಕಡ್ಡಿಗಳಿಂದ ಮೊದಲಿನಿಂದ ಕಟ್ಟುವುದು ಸ್ಕ್ರ್ಯಾಚ್ ಬಿಲ್ಡ್. ಇದು ಪಂಡಿತರ ಕೆಲಸ.

ಆದರೆ ನಮ್ಮ ಹುಡುಗನಿಗೆ ಈಗ ಅದೇ ಆಗಬೇಕಂತೆ. ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗೆ ವಿದಾಯ ಹೇಳಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ, ಕಪ್ಪು ಹಳದಿಯದು. ಮೇಲಿನ ಕ್ಯಾರಿಯರಿಗೆ ಸಣ್ಣ ಕಂಬಿ ಎಲ್ಲಿಂದ ತರುವುದೆಂದು ನಾನು ಚಿಂತಿಸುತ್ತಿದ್ದರೆ, ಅವನು ಕಸದ ಬುಟ್ಟಿಯಿಂದ ಸ್ಪ್ರೂ ಹೆಕ್ಕಿ ತಂದ. ಮೇಣದ ಬತ್ತಿಯ ಮೇಲೆ ದೂರದಿಂದ ಕಾಯಿಸಿ ಎಳೆದರೆ ಅದು ಶ್ಯಾವಿಗೆಯಂತೆ ಉದ್ದಕ್ಕೆ ಬರುತ್ತದೆ. ಬತ್ತಿ ನಾನು ಹಿಡಿದೆ, ಎಳೆದವನು ಅವನು. ಬೀಟಲ್ಲಿನ ಗಾಜನ್ನು ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿ ತಕ್ಕಮಟ್ಟಿಗೆ ತಿಳಿಯಾಗಿಸಿದ್ದೇವೆ. ಒಂದು ಮೂಲೆಯಲ್ಲಿ ಇನ್ನೂ ಮಂಜಿದೆ. ಮನೆಗೆ ಬಂದವರಿಗೆಲ್ಲ ಅವನು ಅದನ್ನೇ ಮೊದಲು ತೋರಿಸುತ್ತಾನೆ.