ಮೂಕಚಿತ್ರದ ರಸಾಸ್ವಾದ

ಕಾವ್ಯವನ್ನು ದೃಶ್ಯ, ಶ್ರವ್ಯವೆಂದು ವಿಂಗಡಿಸಿದ ಆಲಂಕಾರಿಕರು ಚಲನಚಿತ್ರವನ್ನು ಕಂಡವರಲ್ಲ. ಆದರೂ ಅವರ ಅಳತೆಗೋಲು ಅದಕ್ಕೂ ಸಲ್ಲುತ್ತದೆಂಬುದಕ್ಕೆ ಸೆರ್ಗೆಯ್ ಐಸೆನ್‌ಸ್ಟೈನನು 1925ರಲ್ಲಿ ನಿರ್ಮಿಸಿದ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಎಂಬ ಸೋವಿಯತ್ ಮೂಕಚಿತ್ರವು ಉತ್ತಮ ನಿದರ್ಶನವಾಗಿದೆ. 1905ರಲ್ಲಿ ಹುಳುಬಿದ್ದ ಮಾಂಸವನ್ನು ಉಣ್ಣಲೊಲ್ಲದ ನಾವಿಕರು ರಷ್ಯದ ಯುದ್ಧನೌಕೆಯೊಂದರಲ್ಲಿ ದಂಗೆಯೆದ್ದುದೇ ಇದರ ವಸ್ತು. ಐದು ಭಾಗಗಳಾಗಿ ನಡೆಯುವ ಈ ಕೃತಿಯನ್ನು ನೋಡುವ ಸಹೃದಯನಿಗೆ ನಾಟಕದ ಪಂಚಸಂಧಿಗಳು ನೆನಪಾಗದೆ ಇರವು.

ಚಿತ್ರದ ಸತ್ತ್ವವೆಲ್ಲ ಜೋಡಣೆಯಲ್ಲಿದೆ. ಮಲಗಿದ ಸಿಂಹ, ತಲೆಯೆತ್ತಿದ ಸಿಂಹ, ಎದ್ದ ಸಿಂಹ: ಇವು ಮೂರು ಬೇರೆ ಬೇರೆ ಶಿಲಾಮೂರ್ತಿಗಳು. ಒಂದರ ಬೆನ್ನಿಗೊಂದು ತೆರೆಯ ಮೇಲೆ ಬಂದಾಗ ಕಲ್ಲೇ ಕೆರಳಿ ಎದ್ದಂತಾಗುತ್ತದೆ. ‘ಮೂರು’, ‘ಕಣ್ಣು’ ಎಂಬ ಪದಗಳು ಕೂಡಿ ‘ಮುಕ್ಕಣ್ಣ’ನಾದಾಗ, ಎರಡರಲ್ಲಿಯೂ ಇಲ್ಲದ ಶಿವನು ಅರ್ಥವಾಗಿ ತೋರುವನಷ್ಟೆ. ಬಹುವ್ರೀಹಿಯನ್ನು ಬಲ್ಲ ವಿದ್ಯಾರ್ಥಿಗೆ ಈ ತಂತ್ರವನ್ನು ತಿಳಿಸುವುದು ಕಷ್ಟವಲ್ಲ.

ಒಡೆಸ್ಸಾ ನಗರದ ಮೆಟ್ಟಿಲುಗಳ ದೃಶ್ಯವಂತೂ ಲೋಕವಿಖ್ಯಾತ. ಸಾಲಾಗಿ ಇಳಿಯುವ ಸೈನಿಕರ ಬೂಟುಗಳು, ಗುಂಡಿಗೆ ಬಲಿಯಾದ ತಾಯಿ, ತಾನೇ ಉರುಳತೊಡಗಿದ ಕೂಸಿನ ಗಾಡಿ. ಒಂದು ಮಾತೂ ಇಲ್ಲದೆ ಕರುಣ, ಭಯಾನಕ, ರೌದ್ರಗಳು ಉಕ್ಕುತ್ತವೆ. ಆದರೆ ಇದು 1905ರ ಕ್ರಾಂತಿಯ ಇಪ್ಪತ್ತನೆಯ ವರ್ಷದ ಸ್ಮರಣೆಗೆ ಸರ್ಕಾರವೇ ಮಾಡಿಸಿದ ಚಿತ್ರ. ಆ ವರ್ಷ ಒಡೆಸ್ಸಾದಲ್ಲಿ ಜನ ಮಡಿದುದು ನಿಜವಾದರೂ, ತೆರೆಯಲ್ಲಿ ಕಾಣುವಂತಹ ಹತ್ಯೆ ಮೆಟ್ಟಿಲುಗಳ ಮೇಲೆ ನಡೆದುದಲ್ಲ. ಕಾವ್ಯಸತ್ಯ ಬೇರೆ, ಚರಿತ್ರೆಯ ಸತ್ಯ ಬೇರೆ. ಇವೆರಡನ್ನು ಬೇರ್ಪಡಿಸಿ ನೋಡುವ ವಿವೇಕವು ಇಂದಿನ ಮಕ್ಕಳಿಗೆ ಅತ್ಯವಶ್ಯ. ಏಕೆಂದರೆ ಅಂಗೈಯ ಮೊಬೈಲಿನಲ್ಲಿ ಅವರು ದಿನವೂ ನೋಡುವ ಚಿತ್ರಗಳು ಇದೇ ಜೋಡಣೆಯ ಬಲದಿಂದ ಮನಸ್ಸನ್ನು ಒಲಿಸುತ್ತವೆ, ಕೆಲವೊಮ್ಮೆ ವಂಚಿಸುತ್ತವೆ.

ಹಳ್ಳಿಗರಿಗೆ ಇಂತಹವು ದಕ್ಕವೆಂಬ ಶಂಕೆ ಸಲ್ಲದು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಮಲೆನಾಡಿನ ಗ್ರಾಮಸ್ಥರ ಮುಂದಿಟ್ಟಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರೂ ಬೆಳತನಕ ಬಯಲಾಟ, ಪಾರಿಜಾತಗಳ ರಸವನ್ನು ಸವಿದವರೇ. ಅವರ ಮಕ್ಕಳಿಗೆ ಒಂದೂಕಾಲು ಗಂಟೆಯ ಈ ಮೌನವು ಭಾರವಾಗಲಾರದು.

ಓದಲು ಕಲಿಸುವ ಶಾಲೆಯು ನೋಡಲೂ ಕಲಿಸಬೇಕು. ಕನ್ನಡದ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಇಂತಹ ಚಿತ್ರವನ್ನು ತೋರಿಸಿ, ಕಂಡುದನ್ನು ಮಕ್ಕಳ ಬಾಯಿಂದಲೇ ಹೇಳಿಸಲಿ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೂಡಿ ಒಂದು ಬಿಳಿಯ ತೆರೆಯನ್ನು, ಒಂದು ಪ್ರೊಜೆಕ್ಟರನ್ನು ಒದಗಿಸಲಿ.