ಹಿಮ ಬೀಳದ ಊರಿಗೆ ಚಿತ್ರ ಬೇಡವೆ?

ಅಮೆರಿಕದ ಚಿತ್ರಕಾರ ರಾಕ್‌ವೆಲ್ ಕೆಂಟ್ 1907ರಲ್ಲಿ ಬರೆದ ಮಾನ್ಹೆಗನ್ ದ್ವೀಪದ ಚಳಿಗಾಲದ ಚಿತ್ರವನ್ನು ಬಾಯ್ತುಂಬ ಹೊಗಳಿದ ಲೇಖಕರೊಬ್ಬರು, ಗುಂಡ್ಲುಪೇಟೆ ಸೀಮೆಯಲ್ಲಿ ಅಂಥದ್ದು ಹುಟ್ಟದು, ಇಲ್ಲಿ ಹಿಮವೇ ಇಲ್ಲ ಎಂದು ಷರಾ ಬರೆದಿದ್ದಾರೆ. ಸುಲಭದ ಮಾತು! ಕೆಂಟ್ ಆ ದ್ವೀಪದಲ್ಲಿ ಮರಗೆಲಸ ಮಾಡಿದ, ಬಾವಿ ಕೊರೆದ, ಬೆಸ್ತರ ಜತೆ ದುಡಿದ. ಅಲ್ಲಿನ ಗಾಳಿ ಅವನ ಮೈಗೆ ಗೊತ್ತಿತ್ತು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರು ಗುಂಡ್ಲುಪೇಟೆ ದಾಟಿದರೆ ಸಿಗುವ ಊಟಿಯಲ್ಲಿ ಕೂತು ಮೋಡ, ಮಂಜನ್ನು ಜಲವರ್ಣದಲ್ಲಿ ಹಿಡಿದರು. ಅವರಿಗೆಲ್ಲಿ ಹಿಮ ಬೇಕಾಯಿತು?

ಶ್ರಾವಣದ ಮುಂಜಾನೆ ಇದೇ ಗುಂಡ್ಲುಪೇಟೆ ಸೀಮೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ದೇಗುಲದ ಮೆಟ್ಟಿಲು ಕಾಣುತ್ತದೆ, ಗೋಪುರ ಕಾಣುವುದಿಲ್ಲ. ಕೆಳಗೆ ಚೆಂಡುಹೂವಿನ ಹೊಲ ಉರಿಯುತ್ತಿರುತ್ತದೆ. ಬಂದವರು ಸೆಲ್ಫಿ ತೆಗೆದು ಬಂಡೀಪುರಕ್ಕೆ ಹೊರಡುತ್ತಾರೆ; ಆ ಲೇಖಕರೂ ಹಾಗೇ ಹೋದವರಿರಬೇಕು. ಇನ್ನೊಮ್ಮೆ ಬರಲಿ. ತಪ್ಪಲಿನಿಂದ ಮೇಲಕ್ಕೆ ಸಾರಿಗೆ ಬಸ್ಸಿದೆ.