ಕೈಯ ಗೆರೆಯೂ ಗಣಕದ ತೆರೆಯೂ

ಗಣಕಯಂತ್ರವೇ ಚಿತ್ರ ಬರೆದು ಕುಣಿಸಬಲ್ಲದಾದ ಮೇಲೆ ಶಾಲೆಯಲ್ಲಿ ಚಿತ್ರಕಲೆಯ ತಾಸು ಏತಕ್ಕೆ, ಅದನ್ನು ಗಣಿತಕ್ಕೆ ಕೊಡೋಣ ಎಂಬ ಮಾತು ಉಮರಗಾ, ನಿಲಂಗಾ, ಉದಗೀರಗಳ ನಮ್ಮ ಶಿಕ್ಷಕ ಬಂಧುಗಳಲ್ಲಿಯೂ ಕೇಳಿಬರುತ್ತಿದೆ. ಇನ್ನು ಕೆಲವರು, ಯಂತ್ರ ಮುಟ್ಟಿದೊಡನೆ ಕಲೆ ಮೈಲಿಗೆಯಾಯಿತೆಂದು ಮೂಗು ಮುರಿಯುತ್ತಾರೆ. ಎರಡನ್ನೂ ನಾವು ಒಪ್ಪಲಾರೆವು.

ಮೊದಲನೆಯವರು ತೊಗಲುಗೊಂಬೆಯೊಂದನ್ನು ಕೈಯಲ್ಲಿ ಹಿಡಿದು ನೋಡಲಿ. ಹದಮಾಡಿದ ತೊಗಲಿನ ಮೇಲೆ ಚಿತ್ರ ಬರೆದು, ಬಣ್ಣ ತುಂಬಿ, ಕೈಕಾಲುಗಳನ್ನು ಬೇರೆಯಾಗಿ ಕತ್ತರಿಸಿ, ದಾರದಿಂದ ಕೀಲು ಕೂಡಿಸಿ, ಹಿಂದೆ ದೀಪವಿಟ್ಟು ಪರದೆಯ ಮೇಲೆ ಆಡಿಸುವ ಕಲೆಯದು. ಅದಕ್ಕಾಗಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. 1956ರವರೆಗೆ ಅವರ ಸೀಮೆಯೂ ನಮ್ಮದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಗೊಂಬೆ ನಮಗೆ ಪರಕೀಯವಲ್ಲ. ಗಣಕದ ಚಿತ್ರಗಾರನಾದರೂ ಮಾಡುವುದೇನು? ಕೈಯಿಂದ ಬರೆದುದನ್ನು ಸ್ಕ್ಯಾನ್ ಮಾಡಿ, ಕೈಕಾಲುಗಳನ್ನು ಬೇರೆ ಬೇರೆ ಪದರಗಳಾಗಿ ಬಿಡಿಸಿ, ಕೀಲಿನ ಬಿಂದುವನ್ನು ಗೊತ್ತುಮಾಡಿ ತಿರುಗಿಸುತ್ತಾನೆ. ಕ್ರಮ ಅದೇ! ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆಯು ಕಪ್ಪು ರಟ್ಟಿನ ಗೊಂಬೆಗಳನ್ನು ಕತ್ತರಿಸಿ, ಕೆಳಗಿನಿಂದ ಬೆಳಗಿದ ಗಾಜಿನ ಮೇಲೆ ತುಸುತುಸುವೇ ಸರಿಸಿ, ಒಂದೊಂದೇ ಚಿತ್ರ ತೆಗೆದು 1926ರಲ್ಲಿ ರಾಜಕುಮಾರ ಅಹ್ಮದನ ಕಥೆಯನ್ನು ಪೂರ್ಣ ಚಲನಚಿತ್ರವಾಗಿಸಿದಾಗ ಗಣಕವೆಲ್ಲಿತ್ತು? ಕೀಲು ಎಲ್ಲಿರಬೇಕೆಂಬುದು ಬರೆದು ಬಲ್ಲ ಕೈಗೇ ಗೊತ್ತು.

ಮೂಗು ಮುರಿಯುವವರಿಗೆ ನಮ್ಮ ಪ್ರಶ್ನೆ: ನೀವು ಯಂತ್ರವನ್ನು ಬಿಟ್ಟರೆ ಮಕ್ಕಳು ಬಿಟ್ಟಾರೆಯೇ? ಮೊಬೈಲಿನಲ್ಲಿ ಅವರು ಕಾಣುವ ಗೊಂಬೆಗಳು ಬಹುಮಟ್ಟಿಗೆ ಹಿಂದಿಯಾಡುತ್ತವೆ. ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯೇ 2020ರಲ್ಲಿ ಚಲಿಸುವ ಚಿತ್ರವಾದಾಗ ಸಂಸ್ಕೃತದಲ್ಲಿ ಮಾತನಾಡಿದಳು. ಸಂಸ್ಕೃತದ ಮೇಲೆ ನಮಗೆ ಮುನಿಸಿಲ್ಲ. ಆದರೆ ಕನ್ನಡದ ಹಸುವಿನ ಕನ್ನಡದ ಮಾತನ್ನು ಗಡಿಯ ಮಗು ಎಲ್ಲಿ ಕೇಳಬೇಕು?

ತನ್ನ ಶಾಲೆಯಲ್ಲಿಯೇ ಕೇಳಬಹುದು. ಕ್ರಿಟಾ, ಪೆನ್ಸಿಲ್ ಟುಡಿ ಎಂಬ ತಂತ್ರಾಂಶಗಳಿಗೆ ಬೆಲೆಯಿಲ್ಲ. ಸೆಕೆಂಡಿಗೆ 12 ಚಿತ್ರಗಳಾದರೆ ಚಲನೆ ಕಣ್ಣಿಗೆ ಒಪ್ಪುತ್ತದೆ. 10 ಸೆಕೆಂಡಿಗೆ 120. ಅರ್ಬುತ ಹುಲಿಯ ನೆಗೆತವನ್ನು 30 ಮಕ್ಕಳು ತಲೆಗೆ 4ರಂತೆ ಕಾಗದದ ಮೇಲೆ ಬರೆಯಲಿ. ಒಬ್ಬನ ಹುಲಿಗೆ ಬಾಲ ಉದ್ದವಾದೀತು, ಮತ್ತೊಬ್ಬಳದಕ್ಕೆ ಮೋಟಾದೀತು. ಆಗಲಿ, ತೆರೆಯ ಮೇಲೆ ಅದು ಬಾಲ ಅಲ್ಲಾಡಿಸಿದಂತೆಯೇ ಕಾಣುವುದು. ತಾಸನ್ನು ಗಣಿತಕ್ಕೆ ಕೊಡಬೇಕೆಂದವರು ಈ ಲೆಕ್ಕವನ್ನು ಚಿತ್ರಕಲೆಯ ತಾಸಿನಲ್ಲಿಯೇ ಮಾಡಿಸಲಿ.